ಸಣ್ಣ ವ್ಯಾಪಾರದ ಬ್ರ್ಯಾಂಡ್, ವೆಬ್‌ಸೈಟ್ ಹೊಸದು ಮಾಡುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಪಾರ ಶುರು ಮಾಡಿದಾಗ ಅವಸರದಲ್ಲಿ ಒಂದು ಲೋಗೋ, ಒಂದು ವೆಬ್‌ಸೈಟ್ ಮಾಡಿಸಿರುತ್ತೀರಿ. ಕೆಲವು ವರ್ಷ ಕಳೆದ ಮೇಲೆ ಅದನ್ನು ನೋಡಿದರೆ ನಿಮ್ಮದೇ ಅಂತ ಅನಿಸುವುದಿಲ್ಲ. ಆ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ. ಮೊದಲು ಸುಲಭದವು, ಕೊನೆಯಲ್ಲಿ ತಾಂತ್ರಿಕವಾದವು.

ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಏನು ಬದಲಾಯಿಸಬೇಕು ಅಂತ ಯೋಚಿಸುವ ಮೊದಲು, ಏನನ್ನು ಮುಟ್ಟಬಾರದು ಅಂತ ತೀರ್ಮಾನ ಮಾಡಿಕೊಳ್ಳಿ. ದುಡ್ಡು, ಗ್ರಾಹಕರು ಎರಡೂ ಕೈತಪ್ಪುವುದು ಹೆಚ್ಚಾಗಿ ಅಲ್ಲೇ.

## ಶುರು ಮಾಡುವ ಮೊದಲು

ಬ್ರ್ಯಾಂಡ್ ಅಂದ್ರೆ ಲೋಗೋನೇ ಅಲ್ವಾ? ಅದನ್ನ ಬದಲಾಯಿಸಿದ್ರೆ ಆಯ್ತಲ್ಲ?

ಲೋಗೋ ಅದರ ಒಂದು ತುಂಡು ಅಷ್ಟೇ. ನಿಮ್ಮ ಹೆಸರು ಕೇಳಿದಾಗ ಗ್ರಾಹಕರ ತಲೆಗೆ ಏನೇನು ಬರುತ್ತದೋ ಅದೆಲ್ಲ ಸೇರಿ ಬ್ರ್ಯಾಂಡ್. ಫೋನ್ ಎತ್ತುವವರ ಮಾತು, ಹೇಳಿದ ದಿನಕ್ಕೆ ಕೆಲಸ ಮುಗಿಯಿತೋ ಇಲ್ಲವೋ, ಬಿಲ್ ಅರ್ಥವಾಗುವ ಹಾಗಿದೆಯಾ, ಎಡವಟ್ಟಾದಾಗ ಹೇಗೆ ನಡೆದುಕೊಂಡಿರಿ, ಎಲ್ಲವೂ ಅದರಲ್ಲಿ ಬರುತ್ತದೆ. ಲೋಗೋ, ಬಣ್ಣ, ಅಕ್ಷರ ಇವು ಆ ನೆನಪನ್ನು ತಟ್ಟನೆ ಎಬ್ಬಿಸುವ ಗುರುತುಗಳು. ಸೇವೆಯಲ್ಲೇ ತೊಂದರೆ ಇದ್ದರೆ ಹೊಸ ಲೋಗೋದಿಂದ ಅದು ಸರಿಹೋಗುವುದಿಲ್ಲ. ಗ್ರಾಹಕರ ದೂರು ‘ಕೇಳಿದ್ದಕ್ಕೆ ಉತ್ತರವೇ ಬರಲ್ಲ’ ಅಂತಿದ್ದರೆ, ಮೊದಲು ಅದಕ್ಕೆ ಕೈ ಹಾಕಿ.

ನಮ್ಮದು ಹಳೇದಾಗಿದೆ ಅಂತ ಗೊತ್ತಾಗೋದು ಹೇಗೆ? ನಮಗಂತೂ ನೋಡಿ ನೋಡಿ ಬೇಜಾರಾಗಿದೆ.

ನಿಮ್ಮ ಬೇಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೀವು ದಿನಕ್ಕೆ ಹತ್ತು ಸಲ ನೋಡುವ ಲೋಗೋವನ್ನು ಗ್ರಾಹಕರು ವರ್ಷಕ್ಕೆ ಒಂದೆರಡು ಸಲ ನೋಡಿರುತ್ತಾರೆ. ಅವರಿಗೆ ಅದು ಈಗಷ್ಟೇ ಪರಿಚಯವಾಗುತ್ತಿರುತ್ತದೆ.

ನಿಜವಾದ ಕಾರಣಗಳು ಬೇರೆ. ನಿಮ್ಮ ಕೆಲಸ ಬದಲಾಗಿದೆ, ಸೈಟ್ ಮಾತ್ರ ಹಳೆಯ ಕೆಲಸವನ್ನೇ ಹೇಳುತ್ತಿದೆ. ಫೋನ್ ಮಾಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಅದರ ಉತ್ತರ ಸೈಟಿನಲ್ಲಿ ಸಿಗುವುದಿಲ್ಲ. ಮೊಬೈಲ್‌ನಲ್ಲಿ ತೆರೆದರೆ ಎರಡು ಬೆರಳಲ್ಲಿ ಹಿಗ್ಗಿಸಿ ಓದಬೇಕು. ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಅಂತ ಬರುತ್ತದೆ. ಎಚ್‌ಟಿಟಿಪಿಎಸ್ (ಬ್ರೌಸರ್ ಮತ್ತು ಸೈಟ್ ನಡುವಿನ ಮಾಹಿತಿಯನ್ನು ಬೇರೆಯವರು ಓದದ ಹಾಗೆ ಕಳಿಸುವ ವಿಧಾನ) ಇಲ್ಲದ ಸೈಟ್‌ಗಳಿಗೆ ಕ್ರೋಮ್ 2018ರ ಜುಲೈನಿಂದ ಹೀಗೆ ತೋರಿಸುತ್ತಿದೆ. ಎಲ್ಲಕ್ಕಿಂತ ದೊಡ್ಡ ಲಕ್ಷಣ ಇನ್ನೊಂದಿದೆ: ವಿಸಿಟಿಂಗ್ ಕಾರ್ಡ್ ಕೊಡುವಾಗ ‘ವೆಬ್‌ಸೈಟ್ ನೋಡ್ಬೇಡಿ, ಹಳೇದು’ ಅಂತ ನೀವೇ ಹೇಳುತ್ತಿದ್ದೀರಿ. ಇವುಗಳಲ್ಲಿ ಎರಡು ಮೂರು ನಿಮಗೆ ಹೊಂದಿದರೆ ಕೆಲಸ ಶುರು ಮಾಡಬಹುದು.

ಪೂರ್ತಿ ಬದಲಾಯಿಸಬೇಕಾ, ಇಲ್ಲ ಸ್ವಲ್ಪ ತಿದ್ದಿದ್ರೆ ಸಾಕಾ?

ಮುಕ್ಕಾಲು ಪಾಲು ಸಣ್ಣ ವ್ಯಾಪಾರಗಳಿಗೆ ತಿದ್ದಿದರೆ ಸಾಕು ಅಂತ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಕಂಪನಿಗಳೇ ಇದರಲ್ಲಿ ಪೆಟ್ಟು ತಿಂದಿವೆ. 2009ರ ಜನವರಿಯಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ಜ್ಯೂಸಿನ ಪೊಟ್ಟಣವನ್ನು ಪೂರ್ತಿ ಬದಲಾಯಿಸಿತು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಚಿತ್ರ ಹೋಗಿ, ಅಲ್ಲಿ ಗ್ಲಾಸಿನಲ್ಲಿರುವ ಜ್ಯೂಸ್ ಬಂತು. ಅಂಗಡಿಯ ಕಪಾಟಿನಲ್ಲಿ ಜನರಿಗೆ ತಮ್ಮ ಜ್ಯೂಸ್ ಯಾವುದು ಅಂತಲೇ ತಿಳಿಯಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇಕಡಾ 20ರಷ್ಟು ಇಳಿಯಿತು, ಕಂಪನಿ ಹಳೆಯ ಪೊಟ್ಟಣಕ್ಕೇ ಮರಳಿತು. ಮರುವರ್ಷ ಅಕ್ಟೋಬರ್‌ನಲ್ಲಿ ಬಟ್ಟೆ ಕಂಪನಿ ಗ್ಯಾಪ್ ಹೊಸ ಲೋಗೋ ತಂದು, ಜನರ ಸಿಟ್ಟು ನೋಡಿ, ಸುಮಾರು ಒಂದೇ ವಾರದಲ್ಲಿ ವಾಪಸ್ ತೆಗೆದುಕೊಂಡಿತು.

ಅವರಿಗೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ಇತ್ತು. ನಿಮಗೆ ಇರುವುದು ಕಷ್ಟ. ಹತ್ತು ಹದಿನೈದು ಗ್ರಾಹಕರನ್ನು ಕೇಳಿ: ‘ನಮ್ಮ ಲೋಗೋ ನೆನಪಿದೆಯಾ? ನೋಡದೆ ಹೇಗಿದೆ ಹೇಳಿ.’ ಜಾಸ್ತಿ ಜನ ‘ಹಸಿರು ಬಣ್ಣ, ಒಂದು ಎಲೆ’ ಅಂದರೆ, ಹಸಿರು ಮತ್ತು ಎಲೆ ಉಳಿಯಬೇಕು. ಉಳಿದದ್ದನ್ನೆಲ್ಲ ಧೈರ್ಯವಾಗಿ ಸ್ವಚ್ಛ ಮಾಡಬಹುದು. ಯಾರಿಗೂ ಏನೂ ನೆನಪಿಲ್ಲದಿದ್ದರೆ ಹೊಸದಾಗಿ ಕಟ್ಟಿದರೂ ಕಳೆದುಕೊಳ್ಳುವುದು ಕಡಿಮೆ.

ಪೂರ್ತಿ ಬದಲಾವಣೆ ಸರಿ ಅನಿಸುವ ಸಂದರ್ಭಗಳೂ ಇವೆ. ಇನ್ನೊಬ್ಬರ ಟ್ರೇಡ್‌ಮಾರ್ಕ್ ಜೊತೆ ತಕರಾರು ಬಂದಿದೆ, ಪಾಲುದಾರರು ಬೇರೆಯಾಗಿದ್ದಾರೆ, ಹೆಸರಿನಲ್ಲೇ ಈಗ ಮಾಡದ ಕೆಲಸ ಸೇರಿಕೊಂಡಿದೆ. ಇಂಥ ಕಡೆ ಅರ್ಧಂಬರ್ಧ ತಿದ್ದಿದರೆ ಗೊಂದಲ ಜಾಸ್ತಿಯಾಗುತ್ತದೆ.

ಮೊದಲು ಲೋಗೋನಾ, ವೆಬ್‌ಸೈಟಾ?

ಎರಡೂ ಅಲ್ಲ, ಮೊದಲು ಮಾತು. ಯಾರಿಗಾಗಿ ಕೆಲಸ ಮಾಡುತ್ತೀರಿ, ಅವರಿಗೆ ಏನು ಮಾಡಿಕೊಡುತ್ತೀರಿ, ಬೇರೆಯವರ ಬದಲು ನಿಮ್ಮ ಹತ್ತಿರ ಯಾಕೆ ಬರಬೇಕು ಅಂತ ಅರ್ಧ ಪುಟ ಬರೆಯಿರಿ. ಅದು ಕೈಯಲ್ಲಿದ್ದರೆ ಡಿಸೈನರ್‌ಗೂ ದಾರಿ ಗೊತ್ತಾಗುತ್ತದೆ. ಆಮೇಲೆ ಲೋಗೋ ಮತ್ತು ಬಣ್ಣ, ಅದಾದ ಮೇಲೆ ಸೈಟ್.

ಸೋಷಿಯಲ್ ಮೀಡಿಯಾ ಪೇಜ್ ಚೆನ್ನಾಗಿ ನಡೀತಿದೆ. ವೆಬ್‌ಸೈಟ್ ಬೇಕೇ ಬೇಕಾ?

ಪೇಜ್ ನಿಮ್ಮದಲ್ಲ, ಅದು ಆ ಕಂಪನಿಯದು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ವ್ಯಾಪಾರದ ವಿವರ ತೋರಿಸುವ ಪುಟ) ಜೊತೆ ಸಣ್ಣ ವ್ಯಾಪಾರಗಳಿಗೆ ಉಚಿತ ವೆಬ್‌ಸೈಟ್ ಮಾಡಿಕೊಳ್ಳುವ ಅನುಕೂಲ ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಆ ಸೈಟ್‌ಗಳನ್ನೆಲ್ಲ ಮುಚ್ಚಿತು. ಅದನ್ನೇ ನಂಬಿಕೊಂಡಿದ್ದವರು ಹೊಸ ವಿಳಾಸ ಹುಡುಕಬೇಕಾಯಿತು. ಪೇಜ್ ಇರಲಿ, ಚೆನ್ನಾಗಿಯೇ ನಡೆಸಿ. ಆದರೆ ನಿಮ್ಮ ಸ್ವಂತ ಡೊಮೇನ್‌ನಲ್ಲಿ, ಅಂದರೆ ನೀವೇ ಕೊಂಡ ವೆಬ್ ವಿಳಾಸದಲ್ಲಿ, ಮೂರೇ ಪುಟದ್ದಾದರೂ ಒಂದು ಸೈಟ್ ಇರಬೇಕು.

ಎಷ್ಟು ದಿನ ಹಿಡಿಯುತ್ತೆ?

ಐದಾರು ಪುಟದ ಸೈಟ್‌ಗೆ ಡಿಸೈನ್ ಮತ್ತು ಕೋಡ್ ಕೆಲಸ ಕೆಲವು ವಾರಗಳದ್ದು. ಅದು ತಿಂಗಳುಗಟ್ಟಲೆ ಎಳೆಯುವುದು ಒಂದೇ ಕಾರಣಕ್ಕೆ: ಬರಹ ಮತ್ತು ಫೋಟೋ ಮಾಲೀಕರ ಕಡೆಯಿಂದ ಬಂದಿರುವುದಿಲ್ಲ. ಕೆಲಸ ಒಪ್ಪಿಸುವ ಮೊದಲೇ ಅವೆರಡನ್ನೂ ಸಿದ್ಧ ಮಾಡಿಕೊಳ್ಳಿ.

## ಹೆಸರು, ಲೋಗೋ, ಬಣ್ಣ

ಹೆಸರನ್ನೇ ಬದಲಾಯಿಸೋಣ ಅಂತಿದ್ದೀವಿ. ಏನೇನು ನೋಡ್ಕೋಬೇಕು?

ಮೊದಲು ಟ್ರೇಡ್‌ಮಾರ್ಕ್. ಟ್ರೇಡ್‌ಮಾರ್ಕ್ ನೋಂದಣಿಗೆ ಹೆಚ್ಚಿನ ದೇಶಗಳು ಬಳಸುವ ನೈಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ. 1ರಿಂದ 34 ಸರಕುಗಳಿಗೆ, 35ರಿಂದ 45 ಸೇವೆಗಳಿಗೆ. ನಿಮ್ಮ ವರ್ಗದಲ್ಲಿ ಅದೇ ಹೆಸರು ಅಥವಾ ಕೇಳಲು ಹಾಗೇ ಇರುವ ಹೆಸರು ಇದೆಯಾ ನೋಡಿ. ನಿಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ತಾಣದಲ್ಲಿ ಹುಡುಕಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲೂ ಪುಕ್ಕಟೆ ಹುಡುಕಬಹುದು. ಏನೂ ಸಿಗಲಿಲ್ಲ ಅಂದಾಕ್ಷಣ ನಿರಾಳ ಅಂತಲ್ಲ. ನೋಂದಾಯಿಸದೆ ಬಹಳ ಕಾಲದಿಂದ ಬಳಸುತ್ತಿರುವವರಿಗೂ ಕೆಲವು ದೇಶಗಳಲ್ಲಿ ಹಕ್ಕು ಇರುತ್ತದೆ. ಬೋರ್ಡ್ ಬರೆಸುವ ಮೊದಲು ಒಮ್ಮೆ ವಕೀಲರನ್ನು ಕೇಳುವುದು ಒಳ್ಳೆಯದು.

ಆಮೇಲೆ ಫೋನ್ ಪರೀಕ್ಷೆ. ಹೊಸ ಹೆಸರನ್ನು ಫೋನಿನಲ್ಲಿ ಒಬ್ಬರಿಗೆ ಒಂದೇ ಸಲ ಹೇಳಿ, ಬರೆಯಲು ಹೇಳಿ. ಸರಿಯಾಗಿ ಬರೆಯದಿದ್ದರೆ ಅವರು ನಿಮ್ಮನ್ನು ಹುಡುಕುವಾಗಲೂ ತಪ್ಪು ಬರೆಯುತ್ತಾರೆ. ಡೊಮೇನ್ ಸಿಗುತ್ತದಾ ನೋಡಿ, ಸಿಕ್ಕರೆ ಹೆಸರು ಘೋಷಿಸುವ ಮೊದಲೇ ಕೊಂಡುಬಿಡಿ.

ಲೋಗೋ ಮಾಡಿಸಿದ ಮೇಲೆ ಡಿಸೈನರ್ ಹತ್ರ ಯಾವ ಫೈಲ್ ಕೇಳಿ ಇಟ್ಕೋಬೇಕು?

ಇದನ್ನು ಕೇಳದೆ ಹಣ ಕೊಟ್ಟು ಮುಗಿಸುವವರೇ ಜಾಸ್ತಿ. ಮುಂದೆ ಬೋರ್ಡ್ ಬರೆಯುವವರು ‘ವೆಕ್ಟರ್ ಫೈಲ್ ಕೊಡಿ’ ಅಂದಾಗ ಮೊಬೈಲ್‌ನಲ್ಲಿ ಬಂದ ಒಂದು ಮಸುಕು ಚಿತ್ರ ಬಿಟ್ಟರೆ ಏನೂ ಇರುವುದಿಲ್ಲ. ವೆಕ್ಟರ್ ಅಂದರೆ ಗೆರೆಗಳ ಲೆಕ್ಕದಲ್ಲಿ ಉಳಿಸಿದ ಚಿತ್ರ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಎಸ್‌ವಿಜಿ ಮತ್ತು ಪಿಡಿಎಫ್ ರೂಪದಲ್ಲಿ ಅದು ನಿಮ್ಮ ಕೈಯಲ್ಲಿರಬೇಕು. ಜೊತೆಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ, ಪೂರ್ತಿ ಕಪ್ಪು ಬಣ್ಣದ್ದೊಂದು, ಪೂರ್ತಿ ಬಿಳಿ ಬಣ್ಣದ್ದೊಂದು. ಬಣ್ಣಗಳ ಸಂಖ್ಯೆ ಮತ್ತು ಫಾಂಟ್‌ಗಳ ಹೆಸರು ಇರುವ ಒಂದು ಪುಟವನ್ನೂ ಕೇಳಿ.

ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವ ಪುಟ್ಟ ಗುರುತನ್ನು ಮರೆಯಬೇಡಿ. ಅಲ್ಲಿ ಸಿಗುವ ಜಾಗ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ ಅಷ್ಟೇ. ಪೂರ್ತಿ ಹೆಸರಿರುವ ಲೋಗೋ ಅಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಒಂದು ಅಕ್ಷರ ಅಥವಾ ಒಂದು ಆಕಾರ ಮಾತ್ರ ಇರುವ ಸಣ್ಣ ರೂಪ ಬೇಕೇ ಬೇಕು. ಡಿಸೈನ್ ಒಪ್ಪುವ ಮೊದಲೇ ಅದನ್ನು ಆ ಅಳತೆಯಲ್ಲಿ ತೋರಿಸಲು ಹೇಳಿ.

ಇನ್ನೊಂದು ಮುಖ್ಯ ವಿಷಯ ಹಕ್ಕು. ಹಣ ಕೊಟ್ಟ ಮಾತ್ರಕ್ಕೆ ಲೋಗೋದ ಕಾಪಿರೈಟ್ ತಾನಾಗಿ ನಿಮ್ಮದಾಗುವುದಿಲ್ಲ. ಹಲವು ದೇಶಗಳಲ್ಲಿ ಅದು ಬರವಣಿಗೆಯಲ್ಲಿ ವರ್ಗಾವಣೆ ಆಗಬೇಕು. ಎರಡೇ ಸಾಲಿನ ಒಪ್ಪಂದವಾದರೂ ಸಹಿ ಮಾಡಿಸಿಕೊಳ್ಳಿ.

ಎಐ ಕೈಲಿ ಲೋಗೋ ಮಾಡಿಸಿದ್ರೆ ಏನಾಗುತ್ತೆ?

ಯೋಚನೆಗೆ ದಾರಿ ಹುಡುಕಲು ಬಳಸಿ, ತೊಂದರೆ ಇಲ್ಲ. ಅದನ್ನೇ ಕೊನೆಯ ಲೋಗೋ ಮಾಡಬೇಡಿ. ಮನುಷ್ಯರ ಕೈಕೆಲಸ ಇಲ್ಲದೆ ಯಂತ್ರವೇ ಮಾಡಿದ ಚಿತ್ರಕ್ಕೆ ಅಮೆರಿಕದ ಕಾಪಿರೈಟ್ ಕಚೇರಿ ನೋಂದಣಿ ಕೊಡುವುದಿಲ್ಲ. ಅದೇ ಥರದ ಗುರುತು ಇನ್ನೊಬ್ಬರಿಗೂ ಸಿಕ್ಕಿರಬಹುದು. ವ್ಯಾಪಾರದ ಗುರುತು ನಿಮ್ಮೊಬ್ಬರದೇ ಆಗಿರಬೇಕಲ್ವಾ?

ಸ್ಕ್ರೀನ್ ಮೇಲೆ ಬಣ್ಣ ಚೆನ್ನಾಗಿದೆ, ಪ್ರಿಂಟ್ ಮಾಡಿಸಿದ್ರೆ ಮಂಕಾಗಿ ಬರುತ್ತೆ. ಯಾಕೆ?

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಪ್ರಿಂಟಿಂಗ್ ಶಾಯಿಯಿಂದ ಮಾಡುತ್ತದೆ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಪರದೆಯಲ್ಲಿ ಹೊಳೆಯುವ ಕೆಲವು ಹಸಿರು, ಕಿತ್ತಳೆ, ನೀಲಿಗಳನ್ನು ಈ ನಾಲ್ಕು ಶಾಯಿಗಳಿಂದ ತರಲು ಆಗುವುದೇ ಇಲ್ಲ. ಆದ್ದರಿಂದ ಬಣ್ಣ ಆರಿಸುವಾಗಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ ನೋಡಿ. ಬಣ್ಣ ಎಲ್ಲೆಡೆ ಒಂದೇ ಥರ ಬರಲೇಬೇಕು ಅಂದರೆ ಪ್ಯಾಂಟೋನ್ ಸಂಖ್ಯೆ (ಸಿದ್ಧ ಶಾಯಿ ಬಣ್ಣಗಳಿಗೆ ಕೊಟ್ಟ ಗುರುತಿನ ಸಂಖ್ಯೆ) ಗೊತ್ತುಮಾಡಿಕೊಂಡು ಪ್ರಿಂಟರ್‌ಗೆ ಅದನ್ನೇ ಹೇಳಿ.

ತಿಳಿ ಬೂದು ಬಣ್ಣದ ಅಕ್ಷರ ತುಂಬಾ ಸ್ಟೈಲಾಗಿ ಕಾಣುತ್ತೆ. ಹಾಕಬಹುದಾ?

ಬೇಡ. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವವರಿಗೆ, ವಯಸ್ಸಾದವರಿಗೆ ಅದು ಓದಲು ಬರುವುದಿಲ್ಲ. ಎಲ್ಲರಿಗೂ ಎಟಕುವ ವೆಬ್‌ಗಾಗಿ ಇರುವ ಡಬ್ಲ್ಯೂಸಿಎಜಿ ಮಾನದಂಡದ ಎಎ ಹಂತದಲ್ಲಿ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರ (ಕಾಂಟ್ರಾಸ್ಟ್) ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಇದನ್ನು ಅಳೆಯುವ ಉಚಿತ ಸಾಧನಗಳು ಬೇಕಾದಷ್ಟಿವೆ. ಬ್ರ್ಯಾಂಡಿನ ಬಣ್ಣ ತಿಳಿಯಾಗಿದ್ದರೆ ಅದನ್ನು ಪಟ್ಟಿಗೆ, ಅಂಚಿಗೆ ಬಳಸಿ. ಓದುವ ಅಕ್ಷರಕ್ಕೆ ಗಾಢ ಬಣ್ಣವೇ ಇರಲಿ.

## ಸೈಟಿನ ಮಾತು, ಸೈಟಿನ ಚಿತ್ರ

ಮುಖಪುಟದಲ್ಲಿ ಏನು ಬರೀಬೇಕು ಅಂತಾನೇ ತೋಚ್ತಿಲ್ಲ.

ತೋಚದಿರುವುದಕ್ಕೆ ಕಾರಣ ಇದೆ. ದೊಡ್ಡ ಮಾತು ಬರೆಯಲು ಕೂತಿರುತ್ತೀರಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ಮರದ ಸಾಮಾನು ರಿಪೇರಿ ಮಾಡುವ ವ್ಯಾಪಾರ. ಅವರ ಮುಖಪುಟದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ:

‘ಗುಣಮಟ್ಟ ಮತ್ತು ವಿಶ್ವಾಸಕ್ಕೆ ಮತ್ತೊಂದು ಹೆಸರು. ನಿಮ್ಮ ಎಲ್ಲ ಅಗತ್ಯಗಳಿಗೆ ಸಮಗ್ರ ಪರಿಹಾರ.’

ಈ ಸಾಲಿನ ಮೇಲೆ ಬೇರೆ ಯಾರದೇ ಹೆಸರು ಹಾಕಿ ನೋಡಿ. ಔಷಧಿ ಅಂಗಡಿ, ಟ್ಯೂಷನ್, ಲೆಕ್ಕಪತ್ರದ ಕಚೇರಿ, ಯಾವುದಕ್ಕಾದರೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಸಾಲು ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಈಗ ಇದನ್ನು ಓದಿ:

‘ಹಳೆಯ ಮರದ ಕುರ್ಚಿ, ಮೇಜು, ಕಪಾಟು ರಿಪೇರಿ ಮಾಡಿ ಪಾಲಿಶ್ ಹಾಕಿಕೊಡುತ್ತೇವೆ. ಫೋಟೋ ಕಳಿಸಿ, ಖರ್ಚು ಎಷ್ಟಾಗುತ್ತದೆ ಅಂತ ಒಂದು ದಿನದಲ್ಲಿ ತಿಳಿಸುತ್ತೇವೆ. ಮನೆಯಿಂದ ಒಯ್ದು ಮತ್ತೆ ತಂದುಕೊಡುವುದೂ ನಾವೇ.’

ಯಾರು, ಏನು ಮಾಡುತ್ತಾರೆ, ಮುಂದೇನು ಮಾಡಬೇಕು, ಓದುವವರ ಮನಸ್ಸಿನಲ್ಲಿರುವ ಮುಖ್ಯ ಆತಂಕಕ್ಕೆ ಏನು ಉತ್ತರ, ಎಲ್ಲ ಮೂರು ವಾಕ್ಯದಲ್ಲಿ ಬಂತು. ಇಷ್ಟು ದೊಡ್ಡ ಕಪಾಟನ್ನು ನಾನೇ ಹೊತ್ತುಕೊಂಡು ಹೋಗಬೇಕಾ ಅನ್ನುವುದೇ ಅಲ್ಲಿನ ಆತಂಕ. ನಿಮ್ಮ ವ್ಯಾಪಾರದಲ್ಲಿ ಆ ಆತಂಕ ಯಾವುದು ಅಂತ ಫೋನ್ ಎತ್ತುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬರೆಯಲು ಕೂರುವ ಮೊದಲು ಅವರ ಹತ್ತಿರ ಒಂದು ಗಂಟೆ ಮಾತಾಡಿ. ಗ್ರಾಹಕರು ಬಳಸುವ ಪದಗಳನ್ನೇ ಬರೆದುಕೊಳ್ಳಿ. ಅವರು ಗೂಗಲ್‌ನಲ್ಲಿ ಹುಡುಕುವುದೂ ಅದೇ ಪದಗಳಿಂದ.

ಈ ಮೂರು ವಾಕ್ಯದ ಕೆಳಗೇ ಫೋನ್ ನಂಬರ್ ಅಥವಾ ಬಟನ್ ಇರಲಿ. ನಂಬರ್ ಚಿತ್ರದೊಳಗೆ ಇರಬಾರದು. ಮೊಬೈಲ್‌ನಲ್ಲಿ ಮುಟ್ಟಿದರೆ ನೇರ ಕರೆ ಹೋಗಬೇಕು.

ಮುಖಪುಟದಲ್ಲಿ ತಾನಾಗಿ ಜಾರುವ ಬ್ಯಾನರ್ ಬೇಕು ಅಂತ ನಮ್ಮ ಪಾಲುದಾರರ ಹಟ.

ಐದು ಚಿತ್ರ ಜಾರಿಸಿದರೆ ಜನ ಮೊದಲನೆಯದನ್ನು ನೋಡಿ ಕೆಳಗೆ ಹೋಗಿಬಿಡುತ್ತಾರೆ. ಓದುತ್ತಿರುವಾಗಲೇ ಮಾತು ಜಾರಿಹೋದರೆ ಕಿರಿಕಿರಿ ಬೇರೆ. ಹೆಚ್ಚಿನ ಸಲ ಆ ಬ್ಯಾನರ್ ಹುಟ್ಟುವುದು ಯಾವುದು ಮುಖ್ಯ ಅಂತ ಒಳಗಿನವರು ತೀರ್ಮಾನಿಸಲಾಗದೆ. ಕೂತು ತೀರ್ಮಾನ ಮಾಡಿ, ಒಂದೇ ಚಿತ್ರ ಇಡಿ.

ಫೋಟೋಗ್ರಾಫರ್‌ನ ಕರೆಸುವಷ್ಟು ಬಜೆಟ್ ಇಲ್ಲ. ಸ್ಟಾಕ್ ಫೋಟೋ ಸಾಕಲ್ವಾ?

ಸೂಟು ಹಾಕಿ ಕೈ ಕುಲುಕುವ ಫೋಟೋ ಯಾರನ್ನೂ ನಂಬಿಸುವುದಿಲ್ಲ. ಮೊಬೈಲ್‌ನಲ್ಲಿ ತೆಗೆದ ನಿಜವಾದ ಫೋಟೋ ಅದಕ್ಕಿಂತ ಎಷ್ಟೋ ಮೇಲು. ಕಿಟಕಿಯ ಬೆಳಕಿಗೆ ಮುಖಮಾಡಿ ನಿಲ್ಲಿಸಿ, ಹಿಂದೆ ಬಿದ್ದಿರುವ ಸಾಮಾನು ತೆಗೆಯಿರಿ, ಲೆನ್ಸ್ ಒರೆಸಿ. ಕೆಲಸ ಮಾಡುತ್ತಿರುವ ಕೈಗಳು, ಮುಗಿದ ಕೆಲಸ, ಬಾಗಿಲಲ್ಲಿ ಯಾರು ಸಿಗುತ್ತಾರೆ ಅನ್ನುವ ಮುಖ, ಇಷ್ಟು ಸಾಕು. ಗೂಗಲ್‌ನಲ್ಲಿ ಸಿಕ್ಕ ಚಿತ್ರವನ್ನು ಮಾತ್ರ ಎತ್ತಿ ಹಾಕಬೇಡಿ; ಅದಕ್ಕೆ ಯಾರೋ ಒಡೆಯರು ಇರುತ್ತಾರೆ, ನೋಟಿಸ್ ಬರಬಹುದು.

ಎರಡು ಭಾಷೆಯಲ್ಲಿ ಸೈಟ್ ಮಾಡೋದಾದ್ರೆ?

ಎರಡಕ್ಕೂ ಬೇರೆ ಬೇರೆ ವಿಳಾಸದ ಪುಟಗಳಿರಲಿ. ಒಂದೇ ಪುಟದಲ್ಲಿ ಬಟನ್ ಒತ್ತಿ ಮಾತು ಬದಲಾಗುವ ಹಾಗೆ ಮಾಡಿದರೆ ಹುಡುಕುವ ಎಂಜಿನ್‌ಗೆ ಎರಡನೇ ಭಾಷೆ ಕಾಣದೆ ಹೋಗಬಹುದು. ಎರಡೂ ಪುಟಗಳಲ್ಲಿ ‘ಎಚ್‌ಆರ್‌ಇಎಫ್‌ಲ್ಯಾಂಗ್’ ಗುರುತು ಹಾಕಿ ಇದು ಅದರ ಜೋಡಿ ಅಂತ ತಿಳಿಸಬೇಕು. ಫಾಂಟ್ ಆರಿಸುವಾಗ ಎರಡೂ ಲಿಪಿಗಳಲ್ಲಿ ಒಂದೊಂದು ಪ್ಯಾರಾ ಹಾಕಿಸಿ ನೋಡಿ. ಒಂದರಲ್ಲಿ ಚೆಂದ ಕಾಣುವ ಅಳತೆ ಇನ್ನೊಂದರಲ್ಲಿ ಚಿಕ್ಕದಾಗುತ್ತದೆ, ಸಾಲುಗಳ ನಡುವಿನ ಜಾಗವೂ ಸಾಲದೆ ಬರುತ್ತದೆ. ಯಂತ್ರದ ಅನುವಾದವನ್ನು ಯಾರೂ ಓದಿ ನೋಡದೆ ಹಾಕುವುದಾದರೆ, ಎರಡನೇ ಭಾಷೆಯೇ ಬೇಡ.

## ಡೊಮೇನ್, ಗೂಗಲ್, ಬಿಡುಗಡೆ

ಹಳೇ ಡೆವಲಪರ್ ಫೋನ್ ಎತ್ತುತ್ತಿಲ್ಲ. ಡೊಮೇನ್ ಯಾರ ಹೆಸರಲ್ಲಿದೆ ಅಂತ ನಮಗೇ ಗೊತ್ತಿಲ್ಲ.

ಡಿಸೈನ್ ಮಾತೆಲ್ಲ ಆಮೇಲೆ, ಮೊದಲು ಇದನ್ನು ಬಗೆಹರಿಸಿ. ಡೊಮೇನ್ ನೋಂದಣಿಯ ವಿವರ ತೋರಿಸುವ ‘ಹೂ ಈಸ್’ ಹುಡುಕಾಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ಮಾಲೀಕರ ಹೆಸರು ಮುಚ್ಚಿಟ್ಟಿದ್ದರೂ ಯಾವ ರಿಜಿಸ್ಟ್ರಾರ್ ಕಂಪನಿಯಲ್ಲಿ ನೋಂದಣಿಯಾಗಿದೆ, ಯಾವಾಗ ಅವಧಿ ಮುಗಿಯುತ್ತದೆ ಅನ್ನುವುದು ಕಾಣುತ್ತದೆ. ನಿಮ್ಮ ಹಳೆಯ ಇಮೇಲ್‌ಗಳಲ್ಲಿ ಆ ಕಂಪನಿಯ ರಸೀದಿ ಹುಡುಕಿ. ಸಿಕ್ಕರೆ ಖಾತೆ ನಿಮ್ಮದೇ ಇರಬಹುದು, ಪಾಸ್‌ವರ್ಡ್ ಮರೆತಿದ್ದೀರಿ ಅಷ್ಟೇ. ಖಾತೆ ಡೆವಲಪರ್ ಹೆಸರಲ್ಲಿದ್ದರೆ, ವ್ಯಾಪಾರದ ದಾಖಲೆಗಳನ್ನಿಟ್ಟುಕೊಂಡು ರಿಜಿಸ್ಟ್ರಾರ್‌ಗೆ ಬರೆಯಿರಿ, ಡೆವಲಪರ್‌ಗೂ ಬರವಣಿಗೆಯಲ್ಲೇ ಕೇಳಿ.

ಡಾಟ್ ಕಾಮ್ ಥರದ ಡೊಮೇನ್‌ಗಳನ್ನು ಹೊಸದಾಗಿ ಕೊಂಡ ಅಥವಾ ವರ್ಗಾಯಿಸಿದ ಮೇಲೆ ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್ ಕಂಪನಿಗೆ ಒಯ್ಯಲಾಗದು. ಬಿಡುಗಡೆಯ ದಿನ ಗೊತ್ತುಮಾಡುವಾಗ ಇದು ನೆನಪಿರಲಿ. ಡೊಮೇನ್, ಹೋಸ್ಟಿಂಗ್ (ಸೈಟಿನ ಫೈಲ್‌ಗಳನ್ನು ಇಡುವ ಜಾಗ), ಗೂಗಲ್ ಬಿಸಿನೆಸ್ ಪ್ರೊಫೈಲ್, ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸಾಧನ), ಈ ನಾಲ್ಕರ ಮಾಲೀಕ ಖಾತೆ ನಿಮ್ಮದಾಗಿರಬೇಕು. ಕೆಲಸ ಮಾಡುವವರಿಗೆ ಒಳಬರುವ ಅನುಮತಿ ಕೊಟ್ಟರೆ ಸಾಕು.

ಹೊಸ ಸೈಟ್ ಹಾಕಿದ್ರೆ ಗೂಗಲ್‌ನಲ್ಲಿ ನಾವು ಮೇಲೆ ಬರೋದು ನಿಂತುಹೋಗುತ್ತಾ?

ಹಳೆಯ ಪುಟಗಳ ವಿಳಾಸ ಬದಲಾಗಿ, ಹೊಸ ವಿಳಾಸಕ್ಕೆ ದಾರಿ ಹಾಕದಿದ್ದರೆ ಹೌದು, ನಿಂತುಹೋಗುತ್ತದೆ. ಗೂಗಲ್‌ಗೆ ಗೊತ್ತಿರುವುದು ಹಳೆಯ ವಿಳಾಸ. ಬೇರೆ ಸೈಟ್‌ಗಳು ಕೊಟ್ಟ ಲಿಂಕ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ಅಲ್ಲಿ ‘ಪುಟ ಸಿಗಲಿಲ್ಲ’ ಅಂತ ಬಂದರೆ ವರ್ಷಗಟ್ಟಲೆ ಗಳಿಸಿದ್ದು ಕರಗಲು ಹೆಚ್ಚು ದಿನ ಬೇಡ.

ಇದಕ್ಕೆ ಮದ್ದು 301 ರಿಡೈರೆಕ್ಟ್. ‘ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ’ ಅಂತ ಬ್ರೌಸರ್‌ಗೂ ಗೂಗಲ್‌ಗೂ ಹೇಳುವ ಸಂಕೇತ ಅದು. 302 ಅಂದರೆ ತಾತ್ಕಾಲಿಕ ಅಂತ ಅರ್ಥ, ಇಲ್ಲಿ ಅದು ಬೇಡ. ಹೊಸ ಸೈಟ್ ಕೆಲಸ ಶುರುವಾಗುವ ಮೊದಲೇ ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಎಡಗಡೆ ಹಳೆಯ ಸೈಟಿನ ಪ್ರತಿ ಪುಟದ ವಿಳಾಸ, ಬಲಗಡೆ ಅದರ ಜಾಗಕ್ಕೆ ಬರುವ ಹೊಸ ಪುಟ. ಹಳೆಯ ವಿಳಾಸಗಳನ್ನು ಕಲೆಹಾಕಲು ಸ್ಕ್ರೀಮಿಂಗ್ ಫ್ರಾಗ್ ಅನ್ನುವ ಸಾಧನ ಇದೆ, 500 ವಿಳಾಸಗಳವರೆಗೆ ಉಚಿತ. ಸರ್ಚ್ ಕನ್ಸೋಲ್‌ನಲ್ಲಿ ಹೆಚ್ಚು ಕ್ಲಿಕ್ ಬರುವ ಪುಟಗಳ ಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಿ. ಆ ಪುಟಗಳ ಬರಹವನ್ನು ಆದಷ್ಟು ಹಾಗೇ ಉಳಿಸಿ.

ಸೋಮಾರಿತನದಿಂದ ಎಲ್ಲ ಹಳೆಯ ವಿಳಾಸಗಳನ್ನೂ ಮುಖಪುಟಕ್ಕೆ ತಿರುಗಿಸುವವರಿದ್ದಾರೆ. ಕಪಾಟಿನ ರಿಪೇರಿ ಬಗ್ಗೆ ಓದಲು ಬಂದವರು ಮುಖಪುಟದಲ್ಲಿ ಬಿದ್ದರೆ ವಾಪಸ್ ಹೋಗುತ್ತಾರೆ, ಗೂಗಲ್ ಕೂಡ ಅಂಥದನ್ನು ‘ಪುಟ ಇಲ್ಲ’ ಅಂತಲೇ ಎಣಿಸಬಹುದು. ಪ್ರತಿ ಪುಟಕ್ಕೂ ಅದರ ಜೋಡಿ ಹುಡುಕಿ. ರಿಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷವಾದರೂ ಇಡಿ ಅಂತ ಗೂಗಲ್ ಹೇಳುತ್ತದೆ. ತೆಗೆಯಲೇಬೇಡಿ ಅಂತ ನಾನು ಹೇಳುತ್ತೇನೆ. ಎಲ್ಲ ಸರಿ ಮಾಡಿದರೂ ಕೆಲವು ವಾರ ಸ್ಥಾನ ಮೇಲೆ ಕೆಳಗೆ ಆಗುತ್ತದೆ, ಗಾಬರಿ ಬೇಡ.

ಡೊಮೇನ್ ಹೆಸರೇ ಬದಲಾಗ್ತಿದೆ. ಹಳೇದನ್ನ ಬಿಟ್ಟುಬಿಡಬಹುದಾ?

ಬಿಡಬೇಡಿ, ವರ್ಷ ವರ್ಷ ನವೀಕರಿಸುತ್ತಲೇ ಇರಿ. ಬಿಟ್ಟರೆ ಬೇರೆ ಯಾರೋ ಅದನ್ನು ಕೊಳ್ಳುತ್ತಾರೆ. ಆಗ ನಿಮ್ಮ ಹಳೆಯ ಇಮೇಲ್ ವಿಳಾಸಕ್ಕೆ ಬರುವ ಪತ್ರಗಳನ್ನೂ ಅವರು ಪಡೆಯಬಹುದು. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವ ಇಮೇಲ್ ಅಲ್ಲಿಗೆ ಹೋದರೆ ಏನಾದೀತು ಯೋಚಿಸಿ. 301 ಹಾಕಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯ ಸಾಧನವನ್ನೂ ಬಳಸಿ. ಗೂಗಲ್ ಆ ಸೂಚನೆಯನ್ನು 180 ದಿನ ಗಮನದಲ್ಲಿಡುತ್ತದೆ.

ಹೊಸ ಸೈಟ್ ಆನ್ ಆದ ದಿನವೇ ನಮ್ಮ ಇಮೇಲ್ ನಿಂತುಹೋಯ್ತು. ಎರಡಕ್ಕೂ ಏನು ಸಂಬಂಧ?

ಡೊಮೇನ್‌ನ ಡಿಎನ್‌ಎಸ್ (ಇಂಟರ್ನೆಟ್ಟಿನ ವಿಳಾಸ ಪುಸ್ತಕ) ದಾಖಲೆಗಳಲ್ಲಿ ಸೈಟ್ ಎಲ್ಲಿದೆ ಅಂತ ಒಂದು ಸಾಲು, ಇಮೇಲ್ ಎಲ್ಲಿಗೆ ಹೋಗಬೇಕು ಅಂತ ಇನ್ನೊಂದು ಸಾಲು ಇರುತ್ತದೆ. ಎರಡನೆಯದಕ್ಕೆ ಎಂಎಕ್ಸ್ ದಾಖಲೆ ಅನ್ನುತ್ತಾರೆ. ಹೊಸ ಹೋಸ್ಟಿಂಗ್‌ಗೆ ಹೋಗುವಾಗ ನೇಮ್‌ಸರ್ವರ್ (ಈ ದಾಖಲೆಗಳನ್ನು ಇಟ್ಟಿರುವ ಸರ್ವರ್) ಪೂರ್ತಿ ಬದಲಾಯಿಸಿ, ಹಳೆಯ ಎಂಎಕ್ಸ್ ಸಾಲುಗಳನ್ನು ಅಲ್ಲಿಗೆ ಒಯ್ಯದಿದ್ದರೆ ಇಮೇಲ್ ದಾರಿ ತಪ್ಪುತ್ತದೆ. ಬದಲಾಯಿಸುವ ಮೊದಲು ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಇಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಅಂತ ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್ ಸಾಲುಗಳನ್ನೂ ಬಿಡದೆ ಒಯ್ಯಿರಿ, ಇಲ್ಲದಿದ್ದರೆ ನಿಮ್ಮ ಪತ್ರಗಳು ಸ್ಪ್ಯಾಮ್‌ಗೆ ಬೀಳುತ್ತವೆ. ಒಂದೆರಡು ದಿನ ಮೊದಲೇ ಟಿಟಿಎಲ್ ಅನ್ನು, ಅಂದರೆ ಹಳೆಯ ದಾಖಲೆಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದ್ದರೆ ಬದಲಾವಣೆ ಬೇಗ ಹರಡುತ್ತದೆ, ತಪ್ಪಾದರೂ ಬೇಗ ಸರಿಮಾಡಬಹುದು.

ಸೈಟ್ ನಿಧಾನ ಅಂತಾರೆ. ಎಷ್ಟು ವೇಗ ಇದ್ರೆ ಸಾಕು?

ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಅಳತೆ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟ ತೆರೆಯುವಾಗ ಆಗುವ ಕುಲುಕಾಟದ ಅಂಕ 0.1 ಮೀರಬಾರದು. ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಸಾಧನದಲ್ಲಿ ನೋಡಬಹುದು. ಸಣ್ಣ ಸೈಟ್‌ಗಳಲ್ಲಿ ಕಳ್ಳ ಸಾಮಾನ್ಯವಾಗಿ ಒಬ್ಬನೇ: ಕ್ಯಾಮೆರಾದಿಂದ ನೇರ ಹಾಕಿದ ಐದಾರು ಎಂಬಿಯ ಫೋಟೋ. ಅದನ್ನು ಬೇಕಾದ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪಕ್ಕೆ (ಕಡಿಮೆ ಜಾಗ ಹಿಡಿಯುವ ಚಿತ್ರದ ಬಗೆ) ತಂದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಬಳಸದ ಪ್ಲಗಿನ್‌ಗಳು (ಸೈಟಿಗೆ ಸೇರಿಸಿದ ಹೆಚ್ಚುವರಿ ಪ್ರೋಗ್ರಾಂಗಳು), ನಾಲ್ಕೈದು ಥರದ ಫಾಂಟ್‌ಗಳು.

ಬಿಡುಗಡೆ ದಿನ ಏನು ತಪ್ಪದೆ ನೋಡಬೇಕು?

ಶುಕ್ರವಾರ ಸಂಜೆ ಬಿಡುಗಡೆ ಇಟ್ಟುಕೊಳ್ಳಬೇಡಿ. ವಾರದ ಮೊದಲ ದಿನಗಳಲ್ಲಿ, ಡೆವಲಪರ್ ಕೈಗೆ ಸಿಗುವ ಹೊತ್ತಿನಲ್ಲಿ ಮಾಡಿ. ಹಳೆಯ ಸೈಟಿನ ಪೂರ್ತಿ ಬ್ಯಾಕಪ್ ನಿಮ್ಮ ಕಂಪ್ಯೂಟರ್‌ನಲ್ಲೂ ಇರಲಿ.

ಮೊದಲು ನೋಡಬೇಕಾದದ್ದು ‘ನೋಇಂಡೆಕ್ಸ್’ ಗುರುತು. ತಯಾರಾಗುತ್ತಿರುವ ಸೈಟ್ ಗೂಗಲ್‌ಗೆ ಕಾಣದಿರಲಿ ಅಂತ ಡೆವಲಪರ್ ಅದನ್ನು ಹಾಕಿರುತ್ತಾರೆ. ಬಿಡುಗಡೆಯಾದ ಮೇಲೂ ಅದು ಉಳಿದುಬಿಟ್ಟರೆ ನಿಮ್ಮ ಸೈಟ್ ಹುಡುಕಾಟದಿಂದಲೇ ಮಾಯವಾಗುತ್ತದೆ, ಕಣ್ಣಿಗೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತಿರುತ್ತದೆ. ಆಮೇಲೆ ಸಂಪರ್ಕದ ಫಾರಂ ನೀವೇ ತುಂಬಿ, ಇಮೇಲ್ ನಿಜವಾಗಿ ಬಂತಾ ನೋಡಿ. ಸ್ಪ್ರೆಡ್‌ಶೀಟಿನ ಎಡಗಡೆಯ ವಿಳಾಸಗಳನ್ನು ಒಂದೊಂದಾಗಿ ತೆರೆಯಿರಿ. ಹಳೆಯ ಮೊಬೈಲ್ ಒಂದರಲ್ಲಿ, ವೈಫೈ ಆಫ್ ಮಾಡಿ, ಸೈಟ್ ನೋಡಿ. ಲಿಂಕನ್ನು ಚಾಟ್‌ನಲ್ಲಿ ಕಳಿಸಿದಾಗ ಜೊತೆಗೆ ಬರುವ ಚಿತ್ರ ಹಳೆಯ ಲೋಗೋ ತೋರಿಸುತ್ತಿದೆಯಾ ಪರೀಕ್ಷಿಸಿ. ಅದಕ್ಕೆ 1200 × 630 ಪಿಕ್ಸೆಲ್‌ನ ಹೊಸ ಚಿತ್ರ ಬೇಕು. ಕೊನೆಗೆ ಸೈಟ್‌ಮ್ಯಾಪನ್ನು (ಸೈಟಿನ ಪುಟಗಳ ವಿಳಾಸಗಳ ಪಟ್ಟಿ) ಸರ್ಚ್ ಕನ್ಸೋಲ್‌ಗೆ ಒಪ್ಪಿಸಿ.

ಹಳೇ ಗ್ರಾಹಕರಿಗೆ ಹೇಗೆ ಹೇಳೋದು? ಅವರಿಗೆ ಗಾಬರಿ ಆಗಲ್ವಾ?

ಮೊದಲೇ ಹೇಳಿದರೆ ಆಗುವುದಿಲ್ಲ. ಬಿಡುಗಡೆಗೆ ಒಂದೆರಡು ವಾರ ಮೊದಲು ಚಿಕ್ಕ ಪತ್ರ ಕಳಿಸಿ: ಏನು ಬದಲಾಗುತ್ತಿದೆ, ಏನು ಬದಲಾಗುತ್ತಿಲ್ಲ. ‘ಫೋನ್ ನಂಬರ್, ಜನ, ಬ್ಯಾಂಕ್ ಖಾತೆ ಎಲ್ಲ ಅದೇ’ ಅನ್ನುವ ಸಾಲು ಖಂಡಿತ ಇರಲಿ. ಹೊಸ ಲೋಗೋ ಹಾಕಿದ ಬಿಲ್ ದಿಢೀರನೆ ಹೋದರೆ ಎಚ್ಚರ ಇರುವ ಗ್ರಾಹಕರು ಮೋಸ ಅಂದುಕೊಂಡು ಹಣ ತಡೆಹಿಡಿಯುತ್ತಾರೆ, ಅದು ಸರಿಯಾದ ಎಚ್ಚರವೇ.

ಹಳೆಯ ಗುರುತು ಅಡಗಿರುವ ಜಾಗಗಳು ಎಲ್ಲೆಲ್ಲಿ ಅಂತ ಪಟ್ಟಿ ಮಾಡಿ. ಇಮೇಲ್ ಸಹಿ, ಬಿಲ್ಲಿನ ಸಾಫ್ಟ್‌ವೇರ್, ಗೂಗಲ್ ಬಿಸಿನೆಸ್ ಪ್ರೊಫೈಲ್, ಮ್ಯಾಪ್‌ಗಳು, ಗಾಡಿ, ಸಮವಸ್ತ್ರ, ಫೋನಿನ ಧ್ವನಿ ಸಂದೇಶ. ಹೆಸರು, ವಿಳಾಸ, ನಂಬರ್ ಎಲ್ಲ ಕಡೆ ಅಕ್ಷರಶಃ ಒಂದೇ ಥರ ಇರಬೇಕು.

ಇಷ್ಟೆಲ್ಲ ಮಾಡಿದ್ದು ಉಪಯೋಗ ಆಯ್ತಾ ಅಂತ ಅಳೆಯೋದು ಹೇಗೆ?

ಅಳೆಯಲು ‘ಮೊದಲು’ ಅನ್ನುವುದು ಬೇಕು. ಆದ್ದರಿಂದ ಹಳೆಯ ಸೈಟ್ ಇರುವಾಗಲೇ ತಿಂಗಳು ತಿಂಗಳಿನ ಲೆಕ್ಕ ಬರೆದಿಡಿ: ಎಷ್ಟು ಕರೆ ಬಂದವು, ಎಷ್ಟು ಫಾರಂ ಬಂದವು, ಅವುಗಳಲ್ಲಿ ಎಷ್ಟು ಕೆಲಸವಾಗಿ ಬದಲಾದವು. ಹೊಸದು ಬಂದ ಮೇಲೆ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಆಗ ಸೀಸನ್‌ನ ಏರಿಳಿತ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಎಷ್ಟು ಜನ ಸೈಟ್ ನೋಡಿದರು ಅನ್ನುವ ಸಂಖ್ಯೆಗಿಂತ ಎಷ್ಟು ಜನ ಫೋನ್ ನಂಬರ್ ಮುಟ್ಟಿದರು ಅನ್ನುವುದು ಮುಖ್ಯ. ಗೂಗಲ್ ಅನಲಿಟಿಕ್ಸ್ ಅದನ್ನು ತಾನಾಗಿ ಸರಿಯಾಗಿ ಎಣಿಸುತ್ತದೆ ಅಂತ ನಂಬಬೇಡಿ, ಡೆವಲಪರ್‌ಗೆ ಹೇಳಿ ಆ ಎಣಿಕೆ ಹಾಕಿಸಿ.

ಫೋನ್ ಹತ್ತಿರ ಒಂದು ನೋಟ್‌ಬುಕ್ ಇಡಿ. ಹೊಸಬರು ಕರೆ ಮಾಡಿದಾಗ ಎರಡೇ ಸಂಗತಿ ಬರೆಯಿರಿ: ನಮ್ಮ ಬಗ್ಗೆ ಹೇಗೆ ಗೊತ್ತಾಯಿತು, ಮೊದಲು ಕೇಳಿದ ಪ್ರಶ್ನೆ ಯಾವುದು. ಹೊಸ ಸೈಟ್ ಬಂದ ಮೇಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಆ ನೋಟ್‌ಬುಕ್ಕಿನಲ್ಲಿ ಕಂಡರೆ, ಮರುದಿನವೇ ಅದರ ಉತ್ತರವನ್ನು ಸೈಟಿನಲ್ಲಿ ಮೇಲಕ್ಕೆ ತನ್ನಿ.